ಭಾಷೆ ನಮ್ಮ ಯೋಚನೆಯನ್ನು ಬದಲಿಸುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತು ಬಳಸದೆ ಹೇಳಿ, ಭಾಷೆ ನಮ್ಮ ಯೋಚನೆಯನ್ನು ಬದಲಿಸುತ್ತದಾ ಇಲ್ಲವಾ?

ಬದಲಿಸುತ್ತದೆ. ಆದರೆ ಜನ ಅಂದುಕೊಂಡಷ್ಟು ಅಲ್ಲ. ಅಂದುಕೊಂಡ ಕಡೆಯೂ ಅಲ್ಲ. ಒಂದು ಭಾಷೆಯಲ್ಲಿ ಯಾವುದೋ ಪದ ಇಲ್ಲ ಅಂದ ಮಾತ್ರಕ್ಕೆ ಆ ಭಾಷೆ ಆಡುವವರಿಗೆ ಆ ವಿಚಾರ ಹೊಳೆಯುವುದೇ ಇಲ್ಲ ಅನ್ನುವುದು ಸುಳ್ಳು. ಹಾಗಂತ ತಲೆಯೊಳಗಿನ ಕೆಲಸಕ್ಕೂ ಭಾಷೆಗೂ ಸಂಬಂಧವೇ ಇಲ್ಲ ಅನ್ನುವುದೂ ನಿಲ್ಲುವುದಿಲ್ಲ. ಒಂದು ವಿವರವನ್ನು ದಿನಕ್ಕೆ ನೂರು ಸಲ ಹೇಳಲೇಬೇಕು ಅಂತ ಭಾಷೆ ಹಟ ಹಿಡಿದರೆ, ಆ ವಿವರದ ಮೇಲೆ ಕಣ್ಣಿಡುವುದು ನಮಗೆ ರೂಢಿಯಾಗಿಬಿಡುತ್ತದೆ. ಕೆಲವು ಕಡೆ, ಮುಖ್ಯವಾಗಿ ಎಣಿಕೆಯಲ್ಲಿ, ಪದಗಳು ಕೈಗೆ ಹೊಸ ಉಪಕರಣವನ್ನೇ ಕೊಡುತ್ತವೆ. ನನ್ನ ಪ್ರಕಾರ ಗಟ್ಟಿಯಾಗಿ ಹೇಳಬಹುದಾದದ್ದು ಇವೆರಡನ್ನೇ.

ಈ ವಾದ ಶುರುವಾಗಿದ್ದು ಎಲ್ಲಿಂದ?

ವಾದ ಬಹಳ ಹಳೆಯದು. ಮಾತಿನ ಜೊತೆ ಬೆಸೆದುಕೊಳ್ಳದ ಅರಿವು ಲೋಕದಲ್ಲೇ ಇಲ್ಲ ಅಂತ ಸುಮಾರು 5ನೇ ಶತಮಾನದಲ್ಲೇ ಸಂಸ್ಕೃತ ವ್ಯಾಕರಣಕಾರ ಭರ್ತೃಹರಿ ಹೇಳಿದ್ದರು. ಒಂದೊಂದು ಭಾಷೆಯಲ್ಲೂ ಜಗತ್ತನ್ನು ನೋಡುವ ಒಂದೊಂದು ಬಗೆ ಇದೆ ಅಂತ 19ನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಬರೆದರು. ಆದರೆ ಇವತ್ತು ಈ ವಿಷಯ ಎತ್ತಿದ ಕೂಡಲೇ ಬರುವ ಹೆಸರು ಅಮೆರಿಕದ ಬೆಂಜಮಿನ್ ಲೀ ವೋರ್ಫ್ (1897–1941).

ವೋರ್ಫ್ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಒಂದು ವಿಮಾ ಕಂಪನಿಯಲ್ಲಿ ಕೆಲಸ: ಕಾರ್ಖಾನೆಗಳಿಗೆ ಹೋಗಿ ಬೆಂಕಿ ಹತ್ತುವ ಅಪಾಯ ಎಲ್ಲಿದೆ ಅಂತ ನೋಡುವುದು. ಭಾಷೆ ಅವರ ಹುಚ್ಚು. ಯೇಲ್ ವಿಶ್ವವಿದ್ಯಾಲಯದಲ್ಲಿ ಭಾಷಾ ವಿದ್ವಾಂಸ ಎಡ್ವರ್ಡ್ ಸಪೀರ್ ಅವರ ಹತ್ತಿರ ಕಲಿತರು. ಅದಕ್ಕೇ ಈ ವಾದಕ್ಕೆ 'ಸಪೀರ್-ವೋರ್ಫ್ ಊಹೆ' ಅನ್ನುವ ಹೆಸರು ಬಿತ್ತು. ತಮಾಷೆ ಅಂದರೆ, ಇಬ್ಬರೂ ಕೂತು ಇಂಥದ್ದೊಂದು ಊಹೆಯನ್ನು ಬರೆದಿಟ್ಟಿದ್ದೇ ಇಲ್ಲ. ಹೆಸರು ಆಮೇಲಿನವರು ಇಟ್ಟದ್ದು.

ವೋರ್ಫ್ ಕೊಟ್ಟ ಒಂದು ಉದಾಹರಣೆ ತುಂಬಾ ಓಡಾಡಿದೆ. ಪೆಟ್ರೋಲ್ ತುಂಬಿದ ಡ್ರಮ್ಮುಗಳ ಹತ್ತಿರ ಕೆಲಸಗಾರರು ಹುಷಾರಾಗಿರುತ್ತಿದ್ದರು. 'ಖಾಲಿ' ಡ್ರಮ್ಮುಗಳ ಹತ್ತಿರ ಸಿಗರೇಟು ಸೇದುತ್ತಿದ್ದರು. ನಿಜ ಏನೆಂದರೆ ಖಾಲಿ ಡ್ರಮ್ಮಿನೊಳಗೆ ಆವಿ ಉಳಿದಿರುತ್ತದೆ, ಅದೇ ಜಾಸ್ತಿ ಅಪಾಯ. 'ಖಾಲಿ' ಅನ್ನುವ ಪದವೇ ಅವರನ್ನು ದಾರಿ ತಪ್ಪಿಸಿತು ಅಂತ ವೋರ್ಫ್ ವಾದ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಆವಿ ಕಣ್ಣಿಗೆ ಕಾಣುವುದಿಲ್ಲ. ಯಾವ ಭಾಷೆ ಆಡುವವನೂ ಆ ಡ್ರಮ್ಮಿನೊಳಗೆ ಇಣುಕಿದರೆ ಏನೂ ಇಲ್ಲ ಅಂತಲೇ ಅಂದುಕೊಳ್ಳುತ್ತಾನೆ. ಮೋಸ ಮಾಡಿದ್ದು ಪದವೋ ಕಣ್ಣೋ ಅಂತ ಈ ಕಥೆಯಿಂದ ಹೇಳುವುದಕ್ಕಾಗುವುದಿಲ್ಲ. ಈ ವಿಷಯದ ಅರ್ಧ ಜಗಳಗಳು ಇಂಥವೇ.

ಹೋಪಿ ಭಾಷೆಯಲ್ಲಿ 'ಕಾಲ' ಅನ್ನುವುದೇ ಇಲ್ಲವಂತೆ, ಹೌದಾ?

ಇಲ್ಲ. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯಲ್ಲಿ, ನಾವು ತಿಳಿದ ಅರ್ಥದ ಕಾಲವನ್ನು ಸೂಚಿಸುವ ಪದ, ವ್ಯಾಕರಣ ಯಾವುದೂ ಇಲ್ಲ ಅಂತ ವೋರ್ಫ್ ಬರೆದಿದ್ದರು. ಎಕೆಹಾರ್ಟ್ ಮಲೋಟ್ಕಿ ಅನ್ನುವ ಭಾಷಾ ವಿದ್ವಾಂಸರು ಹೋಪಿ ಜನರ ಜೊತೆ ಕೆಲಸ ಮಾಡಿ 1983ರಲ್ಲಿ 600ಕ್ಕೂ ಹೆಚ್ಚು ಪುಟಗಳ ಪುಸ್ತಕ ಹೊರತಂದರು. ಅದರ ತುಂಬಾ ಇರುವುದು ಹೋಪಿ ಭಾಷೆಯಲ್ಲಿ ಕಾಲದ ಬಗ್ಗೆ ಮಾತಾಡುವ ಬಗೆಗಳೇ.

ಎಸ್ಕಿಮೊಗಳಿಗೆ ಹಿಮಕ್ಕೆ ನೂರು ಪದ ಇವೆಯಂತಲ್ಲ?

1911ರಲ್ಲಿ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಕೊಟ್ಟದ್ದು ಹಿಮಕ್ಕೆ ಇರುವ ನಾಲ್ಕು ಮೂಲ ಪದಗಳ ಉದಾಹರಣೆ. ಬಾಯಿಂದ ಬಾಯಿಗೆ ಹೋಗುತ್ತಾ ಅದು ಹತ್ತಾಗಿ, ಐವತ್ತಾಗಿ, ನೂರಾಗಿ ಬೆಳೆಯಿತು. ಈ ಕಥೆ ಹೇಗೆ ಊದಿಕೊಂಡಿತು ಅಂತ ಲಾರಾ ಮಾರ್ಟಿನ್ 1986ರಲ್ಲಿ ಬಿಡಿಸಿ ತೋರಿಸಿದರು. ಎಸ್ಕಿಮೊ ಅಂತ ಕರೆಯುವ ಇನ್ಯುಯಿಟ್ ಜನರ ಭಾಷೆಗಳು ಕನ್ನಡದ ಹಾಗೆ, ಕನ್ನಡಕ್ಕಿಂತಲೂ ಜಾಸ್ತಿ, ಪದಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವ ಭಾಷೆಗಳು. 'ಮನೆಯಲ್ಲಿದ್ದವರಿಗೂ' ಅನ್ನುವುದನ್ನು ಬೇರೆ ಪದ ಅಂತ ಲೆಕ್ಕ ಹಿಡಿದರೆ ಕನ್ನಡದಲ್ಲೂ ಮನೆಗೆ ನೂರಾರು ಪದ ಸಿಗುತ್ತವೆ. ಇನ್ನು ಹಿಮದಲ್ಲೇ ಬದುಕುವವರಿಗೆ ಹಿಮದ ಬಗೆಗಳಿಗೆ ಹೆಸರುಗಳು ಇರುವುದು ಸಹಜ. ಬಡಗಿಗೆ ಮರದ ಬಗ್ಗೆ ಇರುವುದಿಲ್ಲವೇ? ಅಲ್ಲಿ ಬದುಕು ಪದಗಳನ್ನು ಹುಟ್ಟಿಸಿದೆ. ಪದಗಳು ಬದುಕನ್ನು ಹುಟ್ಟಿಸಿದ್ದಲ್ಲ.

ಪದ ಇಲ್ಲದಿದ್ದರೆ ಯೋಚನೆಯೂ ಇಲ್ಲ, ಇದು ನಿಜವಾ?

ನಮ್ಮ ಭಾಷೆಯನ್ನೇ ನೋಡಿ. ತಮಿಳಿನಲ್ಲಿ 'ನಾಮ್' ಅಂದರೆ ಕೇಳುತ್ತಿರುವ ನೀನೂ ಸೇರಿ ನಾವು. 'ನಾಂಗಳ್' ಅಂದರೆ ನಿನ್ನನ್ನು ಬಿಟ್ಟು ನಾವು. ತೆಲುಗಿನಲ್ಲಿ 'ಮನಂ', 'ಮೇಮು' ಅಂತ ಇದೇ ವ್ಯತ್ಯಾಸ. ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಹಾಗಂತ "ನಾವು ನಾಳೆ ಸಿನಿಮಾಕ್ಕೆ ಹೋಗ್ತಿದ್ದೀವಿ" ಅಂದಾಗ, ತನ್ನನ್ನು ಕರೆಯುತ್ತಿದ್ದಾರೋ ಇಲ್ಲವೋ ಅನ್ನುವ ಯೋಚನೆ ಕನ್ನಡದವರಿಗೆ ಬರುವುದಿಲ್ಲವಾ? ಚೆನ್ನಾಗಿಯೇ ಬರುತ್ತದೆ. "ನಾನೂನಾ?" ಅಂತ ತಕ್ಷಣ ಕೇಳುತ್ತಾರೆ. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ 'ಕಲ್' ಒಂದೇ ಪದ. ಹಿಂದಿಯವರು ಯಾರೂ ನಾಳೆಯ ರೈಲಿಗೆ ನಿನ್ನೆ ಹೋಗಿ ನಿಲ್ಲುವುದಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಮೆದುಳಿನ ಕಡೆಯಿಂದ ಸಿಕ್ಕಿದೆ. ಪಾರ್ಶ್ವವಾಯುವಿನಂಥ ಹೊಡೆತದಿಂದ ಕೆಲವರಿಗೆ ಭಾಷೆಯ ಶಕ್ತಿ ಬಹುಪಾಲು ಹೊರಟುಹೋಗುತ್ತದೆ. ಒಂದು ವಾಕ್ಯದಲ್ಲಿ ಯಾರು ಯಾರನ್ನು ಹೊಡೆದರು ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ. ರೋಸ್ಮರಿ ವಾರ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥವರು ಆವರಣ ಹಾಕಿದ ಲೆಕ್ಕಗಳನ್ನೂ ಸರಿಯಾಗಿ ಬಿಡಿಸಿದರು. ಎವೆಲಿನಾ ಫೆಡೊರೆಂಕೊ ಅವರ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗಲೂ ಇದಕ್ಕೆ ಹೊಂದುವ ಚಿತ್ರವೇ ಸಿಕ್ಕಿತು. ಜನ ಲೆಕ್ಕ ಮಾಡುವಾಗ, ಸಂಗೀತ ಕೇಳುವಾಗ, ಭಾಷೆಗೆ ಮೀಸಲಾದ ಭಾಗಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಅಂದರೆ ಯೋಚನೆಯ ಬಹಳಷ್ಟು ಕೆಲಸ ಭಾಷೆಯನ್ನು ಕೇಳದೆಯೇ ನಡೆಯುತ್ತದೆ.

ಹಾಗಾದರೆ ಭಾಷೆಯ ಪ್ರಭಾವ ಕಾಣುವುದು ಎಲ್ಲಿ?

ಭಾಷೆಗಳ ನಡುವಿನ ದೊಡ್ಡ ವ್ಯತ್ಯಾಸ ಅವು ಏನನ್ನು ಹೇಳಬಲ್ಲವು ಅನ್ನುವುದರಲ್ಲಿ ಇಲ್ಲ, ಏನನ್ನು ಹೇಳಲೇಬೇಕು ಅನ್ನುವುದರಲ್ಲಿ ಇದೆ. ಭಾಷಾ ವಿದ್ವಾಂಸ ರೋಮನ್ ಯಾಕಬ್ಸನ್ 1959ರಲ್ಲಿ ಹೇಳಿದ ಮಾತಿನ ಸಾರ ಇದು. ಈ ಇಡೀ ವಿಷಯದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಕೊಡುತ್ತೇನೆ.

ಇಂಗ್ಲಿಷಿನಲ್ಲಿ ಒಬ್ಬ 'ಬ್ರದರ್' ಬಂದ ಅಂದರೆ ಸಾಕು. ಕನ್ನಡದಲ್ಲಿ ಅಣ್ಣನೋ ತಮ್ಮನೋ ಹೇಳದೆ ಬಾಯಿ ತೆರೆಯುವುದೇ ಕಷ್ಟ. 'ಯೂ' ಅಂದರೆ ಅಲ್ಲಿ ಕೆಲಸ ಮುಗಿಯಿತು. ಇಲ್ಲಿ ಮೊದಲ ವಾಕ್ಯಕ್ಕೇ ನೀನೋ ನೀವೋ ತೀರ್ಮಾನ ಆಗಬೇಕು. ಅದಕ್ಕೆ ಎದುರಿಗಿರುವವರ ವಯಸ್ಸು, ಸಲಿಗೆ, ಸ್ಥಾನ ಎಲ್ಲವನ್ನೂ ಅರೆಗಳಿಗೆಯಲ್ಲಿ ಅಳೆದಿರಬೇಕು. ಹತ್ತಿರ ಇದ್ದರೆ 'ಇವನು', ದೂರ ಇದ್ದರೆ 'ಅವನು'. ಇಂಗ್ಲಿಷಿನವರಿಗೆ ಇದ್ಯಾವುದೂ ತಿಳಿಯದು ಅಂತಲ್ಲ. ಅವರ ಭಾಷೆ ಇದನ್ನು ಪ್ರತಿ ಸಲ ಕೇಳುವುದಿಲ್ಲ, ಅಷ್ಟೆ. ಬದಲಿಗೆ ಅದು ಕೇಳುವುದು 'ಎ' ನಾ 'ದಿ' ನಾ ಅಂತ. ಅಲ್ಲಿ ನಾವು ಎಷ್ಟು ವರ್ಷ ಕಲಿತರೂ ಎಡವುತ್ತೇವೆ.

ಹೇಳಲೇಬೇಕಾದದ್ದೆಲ್ಲ ಯೋಚನೆಯನ್ನು ಬದಲಿಸಿಬಿಡುತ್ತದೆ ಅಂತಲೂ ಅಲ್ಲ. ಕಣ್ಣಾರೆ ಕಂಡದ್ದೋ, ಇನ್ನೊಬ್ಬರಿಂದ ಕೇಳಿದ್ದೋ ಅನ್ನುವುದನ್ನು ತುರ್ಕಿ ಭಾಷೆಯ ಭೂತಕಾಲದ ಕ್ರಿಯಾಪದವೇ ಹೇಳಿಬಿಡುತ್ತದೆ. ನಮ್ಮ 'ಬಂದರಂತೆ'ಯ ಹಾಗೆ. ಕೊರಿಯನ್ ಭಾಷೆಯಲ್ಲೂ ಇಂಥ ಪ್ರತ್ಯಯಗಳಿವೆ. ಹಾಗಿದ್ದರೆ ಕೊರಿಯಾದ ಮಕ್ಕಳು, ಒಂದು ವಿಷಯ ತಮಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಇಂಗ್ಲಿಷ್ ಮಕ್ಕಳಿಗಿಂತ ಬೇಗ ಅರಿಯಬೇಕಿತ್ತಲ್ಲ? ಆನಾ ಪಾಪಾಫ್ರಾಗೂ ಮತ್ತಿತರರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಎಡ-ಬಲ ಬಳಸದ ಭಾಷೆ ಇದೆಯಂತೆ. ಅವರು ಹೇಗೆ ಬದುಕುತ್ತಾರೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನ ಉತ್ತರ ಭಾಗದಲ್ಲಿ ಗೂಗು ಯಿಮಿದಿರ್ ಅನ್ನುವ ಭಾಷೆ ಇದೆ. 1770ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಅಲ್ಲಿ ರಿಪೇರಿಗೆ ನಿಂತಿದ್ದಾಗ ಬರೆದುಕೊಂಡ ಒಂದು ಪದ ಇವತ್ತು ಇಡೀ ಜಗತ್ತಿಗೆ ಗೊತ್ತು: ಕಾಂಗರೂ. ಆದರೆ ಭಾಷೆ ಓದುವವರಿಗೆ ಅದು ಮುಖ್ಯವಾಗಿದ್ದು ಬೇರೆ ಕಾರಣಕ್ಕೆ. "ಲೋಟ ತಟ್ಟೆಯ ಎಡಕ್ಕಿದೆ" ಅಂತ ಅದರಲ್ಲಿ ಹೇಳುವುದಿಲ್ಲ. ತಟ್ಟೆಯ ಉತ್ತರಕ್ಕಿದೆ ಅನ್ನಬೇಕು. "ಸ್ವಲ್ಪ ಪೂರ್ವಕ್ಕೆ ಸರಿ" ಅನ್ನಬೇಕು. ಕೋಣೆಯೊಳಗೂ ಹಾಗೆಯೇ, ಕತ್ತಲಲ್ಲೂ ಹಾಗೆಯೇ.

ಹೀಗೆ ಮಾತಾಡಬೇಕಾದರೆ ಮನಸ್ಸಿನಲ್ಲಿ ದಿಕ್ಸೂಚಿ ಯಾವಾಗಲೂ ಓಡುತ್ತಿರಬೇಕು. ಓಡುತ್ತಿರುತ್ತದೆ ಕೂಡ. ಈ ಭಾಷೆಯ ಒಬ್ಬ ಹಿರಿಯರು ದೋಣಿ ಮಗುಚಿದ ಕಥೆ ಹೇಳಿದ್ದನ್ನು ಜಾನ್ ಹ್ಯಾವಿಲೆಂಡ್ 1980ರಲ್ಲಿ ಚಿತ್ರೀಕರಿಸಿದ್ದರು. ಎರಡು ವರ್ಷದ ನಂತರ ಅದೇ ಕಥೆಯನ್ನು ಸ್ಟೀಫನ್ ಲೆವಿನ್ಸನ್ ಚಿತ್ರೀಕರಿಸಿದರು. ಎರಡನೇ ಸಲ ಅವರು ಬೇರೆ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ದೋಣಿ ಮಗುಚಿದ್ದನ್ನು ತೋರಿಸುವ ಕೈಸನ್ನೆಯೂ ಅದಕ್ಕೆ ತಕ್ಕಂತೆ ತಿರುಗಿತ್ತು. ನಿಜವಾಗಿ ದೋಣಿ ಯಾವ ಕಡೆಯಿಂದ ಯಾವ ಕಡೆಗೆ ಉರುಳಿತ್ತೋ ಎರಡೂ ಸಲ ಕೈ ಅದೇ ದಿಕ್ಕಿಗೆ ಹೋಗಿತ್ತು.

ಲೆವಿನ್ಸನ್ ತಂಡದ ಪ್ರಯೋಗ ಸರಳ. ಮೇಜಿನ ಮೇಲೆ ಆಟಿಕೆ ಪ್ರಾಣಿಗಳನ್ನು ಸಾಲಾಗಿ ಇಡುತ್ತಾರೆ. ನೋಡಿ ನೆನಪಿಟ್ಟುಕೊಳ್ಳಿ ಅನ್ನುತ್ತಾರೆ. ಆಮೇಲೆ ನಿಮ್ಮನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಇನ್ನೊಂದು ಮೇಜಿನ ಮೇಲೆ ಅದೇ ಸಾಲನ್ನು ಜೋಡಿಸಲು ಹೇಳುತ್ತಾರೆ. ನಾವು ನೀವು ಎಡಗಡೆ ಇದ್ದದ್ದನ್ನು ಎಡಗಡೆಗೇ ಇಡುತ್ತೇವೆ. ದಿಕ್ಕಿನ ಭಾಷೆಯವರು ಹೆಚ್ಚಾಗಿ ಉತ್ತರಕ್ಕಿದ್ದದ್ದನ್ನು ಉತ್ತರಕ್ಕೇ ಇಡುತ್ತಾರೆ, ನಮ್ಮ ಕಣ್ಣಿಗೆ ಸಾಲು ಉಲ್ಟಾ.

ಇದನ್ನು ಎಲ್ಲರೂ ಒಪ್ಪಿಲ್ಲ. ಪೆಗ್ಗಿ ಲಿ ಮತ್ತು ಲೀಲಾ ಗ್ಲೈಟ್ಮನ್ 2002ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮೇಲೇ ಈ ಆಟ ಆಡಿದರು. ಸುತ್ತಮುತ್ತ ಕಾಣುವ ಗುರುತುಗಳನ್ನು ಬದಲಿಸಿದರೆ ಇಂಗ್ಲಿಷಿನವರ ಉತ್ತರಗಳೂ ಬದಲಾಗುತ್ತವೆ ಅಂತ ಅವರ ವಾದ. ಬಯಲಿನಲ್ಲಿ ಓಡಾಡಿಕೊಂಡು ಬದುಕುವ ಜನರ ದಿಕ್ಕಿನ ಪ್ರಜ್ಞೆ ಬಂದದ್ದು ಭಾಷೆಯಿಂದಲೋ ಬದುಕಿನಿಂದಲೋ ಅನ್ನುವುದು ಅವರ ಪ್ರಶ್ನೆ. ಲೆವಿನ್ಸನ್ ತಂಡವೂ ಸುಮ್ನೆ ಕೂರಲಿಲ್ಲ, ತಿರುಗಿ ಉತ್ತರ ಕೊಟ್ಟಿತು. ನನಗೆ ಅನ್ನಿಸುವುದು, ಇಲ್ಲಿ ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಆದರೆ ಮಾತಾಡುವಾಗೆಲ್ಲ ಉತ್ತರ ಯಾವ ಕಡೆ ಅಂತ ಗೊತ್ತಿರಲೇಬೇಕಾದ ಮಗುವಿಗೆ ಆ ಅಭ್ಯಾಸ ಬಲಿಯುವುದರಲ್ಲಿ ಭಾಷೆಯ ಪಾಲು ಇಲ್ಲ ಅನ್ನುವುದೂ ನಂಬುವ ಮಾತಲ್ಲ.

ಕಾಲದ ಬಗ್ಗೆಯೂ ಹೀಗೆ ವ್ಯತ್ಯಾಸ ಇದೆಯಾ?

ಇದೆ. ಅದೇ ಕ್ವೀನ್ಸ್‌ಲೆಂಡ್‌ನಲ್ಲಿ ದಿಕ್ಕುಗಳನ್ನೇ ಬಳಸುವ ಇನ್ನೊಂದು ಭಾಷೆ ಕೂಕ್ ಥಾಯೋರೆ. ಲೆರಾ ಬೊರೊಡಿಟ್ಸ್ಕಿ ಮತ್ತು ಆಲಿಸ್ ಗೇಬಿ ಅಲ್ಲಿನವರಿಗೆ ಒಬ್ಬ ಮನುಷ್ಯ ಮುದುಕನಾಗುವ, ಮೊಸಳೆ ಬೆಳೆಯುವ ಚಿತ್ರಗಳನ್ನು ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿದರು. 2010ರಲ್ಲಿ ಪ್ರಕಟವಾದ ಕೆಲಸ ಇದು. ದಕ್ಷಿಣಕ್ಕೆ ಮುಖ ಮಾಡಿ ಕೂತವರು ಎಡದಿಂದ ಬಲಕ್ಕೆ ಜೋಡಿಸಿದರು. ಉತ್ತರಕ್ಕೆ ಮುಖ ಮಾಡಿದವರು ಬಲದಿಂದ ಎಡಕ್ಕೆ. ಪೂರ್ವಕ್ಕೆ ಕೂತವರು ಎದುರಿನಿಂದ ತಮ್ಮ ಮೈ ಕಡೆಗೆ. ಅಂದರೆ ಅವರಿಗೆ ಕಾಲ ಹರಿಯುವುದು ಪೂರ್ವದಿಂದ ಪಶ್ಚಿಮಕ್ಕೆ, ಸೂರ್ಯ ಹೋಗುವ ದಾರಿಯಲ್ಲಿ.

ದಕ್ಷಿಣ ಅಮೆರಿಕದ ಐಮಾರಾ ಭಾಷೆಯವರು ಕಳೆದುಹೋದದ್ದನ್ನು ಹೇಳುವಾಗ ಕೈಯನ್ನು ಮುಂದಕ್ಕೆ ಚಾಚುತ್ತಾರೆ. ಬರಲಿರುವುದಕ್ಕೆ ಬೆನ್ನ ಹಿಂದೆ ತೋರಿಸುತ್ತಾರೆ. ರಫೇಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ ಇದನ್ನು 2006ರಲ್ಲಿ ಪ್ರಕಟಿಸಿದರು. ನೋಡಿದ್ದು ಕಣ್ಣ ಮುಂದೆ, ನೋಡದಿರುವುದು ಬೆನ್ನ ಹಿಂದೆ. ನಮ್ಮ 'ಹಿಂದೆ', 'ಮುಂದೆ' ಸರಿಯಾಗಿ ಇದರ ತಿರುಗುಮುರುಗು.

ಇಲ್ಲಿ ಒಂದು ಎಚ್ಚರಿಕೆ. ಚೀನೀ ಭಾಷೆಯವರು ಕಾಲವನ್ನು ಮೇಲಿನಿಂದ ಕೆಳಕ್ಕೆ ಯೋಚಿಸುತ್ತಾರೆ ಅನ್ನುವ 2001ರ ಪ್ರಯೋಗ ತುಂಬಾ ಹೆಸರು ಮಾಡಿತು. 2007ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಇನ್ನೊಂದು ವಿಷಯ, ಕೆಲವು ಸಲ ಕೆಲಸ ಮಾಡುವುದು ಭಾಷೆಯಲ್ಲ, ಲಿಪಿ. ಹೀಬ್ರೂ, ಅರಬ್ಬಿ ಬರೆಯುವವರಲ್ಲಿ ಬಹಳ ಜನ ಕಾಲಕ್ರಮವನ್ನು ಬಲದಿಂದ ಎಡಕ್ಕೆ ಜೋಡಿಸುತ್ತಾರೆ, ಯಾಕೆಂದರೆ ಅವರು ಬರೆಯುವುದೇ ಹಾಗೆ.

ಬಣ್ಣಕ್ಕೆ ಹೆಸರಿಲ್ಲದಿದ್ದರೆ ಬಣ್ಣ ಕಾಣುವುದಿಲ್ಲವಾ?

ಕಾಣುತ್ತದೆ. ಕಣ್ಣು ಎಲ್ಲರದೂ ಒಂದೇ. ಹೆಸರು ಇದ್ದರೆ ಒಂಚೂರು ಬೇಗ ಬೇರ್ಪಡಿಸಬಹುದು, ಅಷ್ಟೆ.

ರಷ್ಯನ್ ಭಾಷೆಯಲ್ಲಿ ಕಡುನೀಲಿಗೆ 'ಸೀನಿಯ್', ತಿಳಿನೀಲಿಗೆ 'ಗಲುಬೋಯ್'. ನಮಗೆ ತಿಳಿನೀಲಿಯೂ ನೀಲಿಯ ಒಂದು ಬಗೆ. ಅವರಿಗೆ ಅವು ಎರಡು ಬೇರೆ ಬೇರೆ ಬಣ್ಣ, ನಮಗೆ ಹಸಿರು, ನೀಲಿ ಇದ್ದ ಹಾಗೆ. 2007ರಲ್ಲಿ ಜೋನಥನ್ ವಿನಾವರ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ಮೂರು ನೀಲಿ ಚೌಕ ತೋರಿಸಿ, ಕೆಳಗಿನ ಎರಡರಲ್ಲಿ ಮೇಲಿನದಕ್ಕೆ ಸರಿಹೊಂದುವುದು ಯಾವುದು ಅಂತ ಕೇಳಿದರು. ಎರಡು ಚೌಕಗಳು ಸೀನಿಯ್-ಗಲುಬೋಯ್ ಗಡಿಯ ಆಚೆಈಚೆ ಇದ್ದಾಗ ರಷ್ಯನ್ನರು ಬೇಗ ಉತ್ತರ ಕೊಟ್ಟರು. ಇಂಗ್ಲಿಷಿನವರಿಗೆ ಅಂಥ ಲಾಭ ಇರಲಿಲ್ಲ. ವ್ಯತ್ಯಾಸ ಸೆಕೆಂಡಿನ ಒಂದು ಸಣ್ಣ ಪಾಲು.

ಇದರಲ್ಲಿ ನನಗೆ ಇಷ್ಟವಾದದ್ದು ಮುಂದಿನ ಭಾಗ. ಚೌಕ ನೋಡುವಾಗಲೇ ಮನಸ್ಸಿನಲ್ಲಿ ಒಂದು ಸಾಲು ಅಂಕಿಗಳನ್ನು ಹೇಳಿಕೊಳ್ಳುತ್ತಿರಿ ಅಂದಾಗ ರಷ್ಯನ್ನರ ಆ ಲಾಭ ಮಾಯವಾಯಿತು. ಅಂದರೆ ಭಾಷೆ ಅವರ ಕಣ್ಣನ್ನು ತಿದ್ದಿರಲಿಲ್ಲ. ನೋಡುವ ಗಳಿಗೆಯಲ್ಲಿ ಒಳಗೇ ಹೆಸರು ಹೇಳಿಕೊಟ್ಟು ಸಹಾಯ ಮಾಡುತ್ತಿತ್ತು. ಒಳಗಿನ ಬಾಯಿಗೆ ಬೇರೆ ಕೆಲಸ ಕೊಟ್ಟರೆ ಸಹಾಯವೂ ನಿಂತಿತು.

ಅಂಕಿಗಳಿಗೆ ಪದವೇ ಇಲ್ಲದ ಜನ ಎಣಿಸುತ್ತಾರಾ?

ಇಲ್ಲ. ಇಲ್ಲಿ ಮಾತ್ರ ಭಾಷೆಯ ತೂಕ ನಿಜವಾಗಿ ದೊಡ್ಡದು.

ಬ್ರೆಜಿಲ್‌ನ ಅಮೆಜಾನ್ ಕಾಡಿನ ಪಿರಹಾ ಜನರ ಭಾಷೆಯಲ್ಲಿ ಒಂದು, ಎರಡು, ಮೂರು ಅನ್ನುವ ಹಾಗೆ ನಿಖರವಾದ ಸಂಖ್ಯಾಪದಗಳಿಲ್ಲ. ಇರುವುದು ಸ್ವಲ್ಪ, ಇನ್ನೊಂಚೂರು, ಬಹಳ ಅನ್ನುವ ಬಗೆಯವು. ಪೀಟರ್ ಗಾರ್ಡನ್ 2004ರಲ್ಲಿ, ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು 2008ರಲ್ಲಿ ಇವರ ಬಗ್ಗೆ ಪ್ರಕಟಿಸಿದರು. ಎರಡನೇ ತಂಡ ದಾರದ ಉಂಡೆಗಳ ಒಂದು ಸಾಲು ಇಟ್ಟು, ಅಷ್ಟೇ ಬಲೂನುಗಳನ್ನು ಎದುರಿಗೆ ಇಡಿ ಅಂತ ತೋರಿಸಿಕೊಟ್ಟಿತು. ಸಾಲು ಕಣ್ಣ ಮುಂದೆ ಇದ್ದಾಗ ಪಿರಹಾ ಜನ ಒಂದಕ್ಕೊಂದು ಜೋಡಿಸಿ ಸರಿಯಾಗಿ ಇಟ್ಟರು. ಅಂದರೆ 'ಅಷ್ಟೇ' ಅನ್ನುವುದು ಅವರಿಗೆ ಗೊತ್ತು. ಅದೇ ದಾರದ ಉಂಡೆಗಳನ್ನು ಒಂದೊಂದಾಗಿ ಡಬ್ಬದೊಳಗೆ ಹಾಕಿ ಮುಚ್ಚಿಟ್ಟಾಗ ಲೆಕ್ಕ ತಪ್ಪಿತು. ಏಳಿದ್ದರೆ ಆರೋ ಎಂಟೋ ಬಂತು. ಸಂಖ್ಯೆ ದೊಡ್ಡದಾದಷ್ಟೂ ತಪ್ಪೂ ಜಾಸ್ತಿ.

ಅಂದರೆ ಸಂಖ್ಯಾಪದಗಳು ನಿಖರವಾದ ಮೊತ್ತವನ್ನು ಹೊತ್ತುಕೊಂಡು ಹೋಗುವ ಬುಟ್ಟಿಗಳು. ಬುಟ್ಟಿ ಇಲ್ಲದಿದ್ದರೂ ಎದುರಿಗಿದ್ದದ್ದನ್ನು ಹೊಂದಿಸಬಹುದು, ಆದರೆ ಕಣ್ಮರೆಯಾದ ಮೇಲೆ ನೆನಪಿನಲ್ಲಿ ಒಯ್ಯಲಾಗುವುದಿಲ್ಲ.

ಕಾಡಿನ ಜನಕ್ಕೆ ಲೆಕ್ಕದ ಅಗತ್ಯವೇ ಇಲ್ಲ, ಅದಕ್ಕೇ ಬರುವುದಿಲ್ಲ ಅಂತ ಯಾರಾದರೂ ಹೇಳಬಹುದು. ಅದಕ್ಕೆ ಉತ್ತರ ನಿಕರಾಗುವಾ ದೇಶದಿಂದ ಬಂತು. ಅಲ್ಲಿ ಯಾವ ಸನ್ನೆ ಭಾಷೆಯನ್ನೂ ಕಲಿಯದೆ, ಮನೆಯವರ ಜೊತೆ ತಾವೇ ಕಟ್ಟಿಕೊಂಡ ಸನ್ನೆಗಳಲ್ಲಿ ಬದುಕುವ ಕಿವುಡ ವಯಸ್ಕರಿದ್ದಾರೆ. ಅವರು ದುಡಿಯುತ್ತಾರೆ, ದುಡ್ಡು ಬಳಸುತ್ತಾರೆ, ಎಣಿಸುವ ಜನರ ನಡುವೆಯೇ ಇದ್ದಾರೆ. ಆದರೂ 2011ರಲ್ಲಿ ಎಲಿಜಬೆತ್ ಸ್ಪೇಪನ್ ಮತ್ತಿತರರು ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರಕ್ಕಿಂತ ದೊಡ್ಡ ಗುಂಪುಗಳನ್ನು ಅವರು ನಿಖರವಾಗಿ ಹೊಂದಿಸುವುದು ಖಾತ್ರಿ ಇರಲಿಲ್ಲ. ಅಂದಾಜು ಹತ್ತಿರ ಬರುತ್ತಿತ್ತು, ಕರಾರುವಾಕ್ಕಾಗಿ ಬರುತ್ತಿರಲಿಲ್ಲ. ಲೆಕ್ಕದ ಲೋಕದಲ್ಲಿ ಬದುಕಿದರೆ ಸಾಲದು, ಎಣಿಸುವ ಪದಗಳ ಸಾಲು ಕೈಗೆ ಸಿಗಬೇಕು.

ಇನ್ನೊಬ್ಬರ ಮನಸ್ಸನ್ನು ಅರಿಯುವುದಕ್ಕೂ ಭಾಷೆ ಬೇಕಾ?

ಇದಕ್ಕೂ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ನಿಕರಾಗುವಾದಲ್ಲೇ. 1970ರ ದಶಕದ ಕೊನೆಯಲ್ಲಿ ಮನಾಗುವಾ ನಗರದಲ್ಲಿ ಕಿವುಡ ಮಕ್ಕಳನ್ನು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಒಂದೇ ಶಾಲೆಗೆ ಸೇರಿಸಿದರು. ಯಾರೂ ಕಲಿಸದೆಯೇ ಅವರ ನಡುವೆ ಒಂದು ಹೊಸ ಸನ್ನೆ ಭಾಷೆ ಹುಟ್ಟಿತು. ಮೊದಲ ತಂಡದವರ ಭಾಷೆ ಸರಳವಾಗಿತ್ತು. ಆಮೇಲೆ ಬಂದ ಚಿಕ್ಕ ಮಕ್ಕಳು ಅದನ್ನು ಬೆಳೆಸಿದರು. 'ಅಂದುಕೊಂಡ', 'ಗೊತ್ತು', 'ಗೊತ್ತಿಲ್ಲ' ಅನ್ನುವಂಥ ಸನ್ನೆಗಳು ಚಿಕ್ಕವರಲ್ಲಿ ಜಾಸ್ತಿ, ದೊಡ್ಡವರಲ್ಲಿ ಬಹಳ ಕಡಿಮೆ.

ಜೆನ್ನಿ ಪಯರ್ಸ್ ಮತ್ತು ಆನ್ ಸೆಂಗಾಸ್ ಈ ಎರಡೂ ತಂಡದವರಿಗೆ ಒಂದು ಚಿತ್ರದ ಪರೀಕ್ಷೆ ಕೊಟ್ಟರು. ಒಬ್ಬ ಹುಡುಗ ತನ್ನ ಆಟಿಕೆ ಇಟ್ಟು ಹೊರಗೆ ಹೋಗುತ್ತಾನೆ, ಅಷ್ಟರಲ್ಲಿ ಇನ್ನೊಬ್ಬ ಅದನ್ನು ಬೇರೆ ಕಡೆ ಇಡುತ್ತಾನೆ, ತಿರುಗಿ ಬಂದವನು ಎಲ್ಲಿ ಹುಡುಕುತ್ತಾನೆ? ಇಂಥ ಪ್ರಶ್ನೆಗಳಿಗೆ ನಾಲ್ಕೈದು ವರ್ಷದ ಮಕ್ಕಳು ಸಾಮಾನ್ಯವಾಗಿ ಸರಿ ಉತ್ತರ ಕೊಡುತ್ತಾರೆ. ಇಲ್ಲಿ ಮೊದಲ ತಂಡದ ವಯಸ್ಕರು ತಡವರಿಸಿದರು. ಅವರಿಗಿಂತ ಚಿಕ್ಕವರು ಮೇಲುಗೈ ಸಾಧಿಸಿದರು. ಸುಮಾರು ಎರಡು ವರ್ಷದ ನಂತರ ಮತ್ತೆ ನೋಡಿದಾಗ ದೊಡ್ಡವರೂ ಮನಸ್ಸಿನ ಬಗ್ಗೆ ಮಾತಾಡುವ ಸನ್ನೆಗಳನ್ನು ಕಲಿತಿದ್ದರು, ಪರೀಕ್ಷೆಯಲ್ಲೂ ಮುಂದೆ ಬಂದಿದ್ದರು. 2009ರಲ್ಲಿ ಇದು ಪ್ರಕಟವಾಯಿತು. ಜನರ ಸಂಖ್ಯೆ ಚಿಕ್ಕದು, ಅದು ನಿಜ. ಆದರೂ ಬಣ್ಣ-ದಿಕ್ಕಿನ ಪ್ರಯೋಗಗಳೆಲ್ಲಕ್ಕಿಂತ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇದೇ.

ಸೇತುವೆ ಒಂದು ಭಾಷೆಯಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು. ಅದರಿಂದ ಜನ ಸೇತುವೆಯನ್ನೇ ಬೇರೆ ಥರ ನೋಡುತ್ತಾರಂತೆ?

ಈ ಕಥೆಯನ್ನು ಹಂಚುವ ಮೊದಲು ಸ್ವಲ್ಪ ತಾಳಿ. ಜರ್ಮನ್‌ನಲ್ಲಿ ಸೇತುವೆ ಸ್ತ್ರೀಲಿಂಗ, ಆದ್ದರಿಂದ ಅವರು ಅದನ್ನು ಸುಂದರ, ನಾಜೂಕು ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಪುಲ್ಲಿಂಗ, ಆದ್ದರಿಂದ ಬಲವಾದದ್ದು ಅನ್ನುತ್ತಾರೆ ಅಂತ ಕಥೆ. 2003ರಲ್ಲಿ ಬೊರೊಡಿಟ್ಸ್ಕಿ ಮತ್ತಿತರರು ಒಂದು ಪುಸ್ತಕದ ಅಧ್ಯಾಯದಲ್ಲಿ ಇದನ್ನು ಹೇಳಿದ್ದರು. ಪ್ರಯೋಗದ ಪೂರ್ತಿ ವಿವರ ಅಲ್ಲಿರಲಿಲ್ಲ. ಬೇರೆಯವರು 2014ರಲ್ಲಿ ಹಾಗೆಯೇ ಮಾಡಿ ನೋಡಿದಾಗ ಅದು ಸಿಗಲಿಲ್ಲ. ಕೇಳಲು ಚೆನ್ನಾಗಿದೆ ಅನ್ನುವುದೇ ಇದರ ದೊಡ್ಡ ಬಲ.

ಭವಿಷ್ಯತ್ ಕಾಲ ಇಲ್ಲದ ಭಾಷೆಯವರು ಜಾಸ್ತಿ ಉಳಿತಾಯ ಮಾಡುತ್ತಾರಾ?

ಅರ್ಥಶಾಸ್ತ್ರಜ್ಞ ಕೀತ್ ಚೆನ್ 2013ರಲ್ಲಿ ಹಾಗೆ ವಾದಿಸಿದರು. ಭವಿಷ್ಯವನ್ನು ಬೇರೆ ರೂಪದಲ್ಲಿ ಹೇಳದ ಭಾಷೆಯವರಿಗೆ ನಾಳೆ ಅನ್ನುವುದು ಇವತ್ತಿನ ಹಾಗೇ ಹತ್ತಿರ ಅನ್ನಿಸುತ್ತದೆ, ಅದಕ್ಕೆ ಕೂಡಿಡುತ್ತಾರೆ ಅಂತ. ತೊಂದರೆ ಏನೆಂದರೆ ಭಾಷೆಗಳು ಒಂದಕ್ಕೊಂದು ನೆಂಟರು. ನೆಂಟ ಭಾಷೆಯವರ ರೀತಿನೀತಿಗಳೂ ಎಷ್ಟೋ ಸಲ ಒಂದೇ ಮೂಲದವು. 2015ರಲ್ಲಿ ಚೆನ್ ಅವರೇ ಭಾಷಾತಜ್ಞರ ಜೊತೆ ಸೇರಿ, ಈ ನೆಂಟಸ್ತನವನ್ನೂ ಲೆಕ್ಕಕ್ಕೆ ಹಿಡಿದು ಮತ್ತೆ ನೋಡಿದರು. ಸಂಬಂಧ ತೀರಾ ಸಡಿಲವಾಯಿತು. ತನ್ನ ವಾದವನ್ನು ತಾನೇ ಹೀಗೆ ಒರೆಗೆ ಹಚ್ಚುವವರು ಕಡಿಮೆ, ಅದನ್ನು ಮೆಚ್ಚಲೇಬೇಕು.

"ನಾನು ಲೋಟ ಒಡೆದೆ", "ಲೋಟ ಒಡೆಯಿತು". ಹೇಳುವ ರೀತಿಯಿಂದ ನೆನಪು ಬದಲಾಗುತ್ತದಾ?

ಕೈಜಾರಿ ಆದ ಅನಾಹುತವನ್ನು ಇಂಗ್ಲಿಷಿನವರು ಹೆಚ್ಚಾಗಿ "ಅವನು ಒಡೆದ" ಅನ್ನುತ್ತಾರೆ. ಸ್ಪ್ಯಾನಿಷಿನವರು, ನಮ್ಮ ಹಾಗೆಯೇ, "ಒಡೆದುಹೋಯಿತು" ಅನ್ನುವುದು ಜಾಸ್ತಿ. ಕೇಟ್ಲಿನ್ ಫಾಸಿ ಮತ್ತು ಬೊರೊಡಿಟ್ಸ್ಕಿ ಎರಡೂ ಭಾಷೆಯವರಿಗೆ ವಿಡಿಯೊ ತೋರಿಸಿ ಯಾರು ಮಾಡಿದ್ದು ಅಂತ ಆಮೇಲೆ ಕೇಳಿದರು. ಬೇಕೆಂದೇ ಮಾಡಿದ್ದನ್ನು ಎರಡೂ ಕಡೆಯವರು ಒಂದೇ ಥರ ನೆನಪಿಟ್ಟಿದ್ದರು. ಅಕಸ್ಮಾತ್ ಆದದ್ದರಲ್ಲಿ ಮಾತ್ರ, ಮಾಡಿದವರು ಯಾರು ಅನ್ನುವುದು ಇಂಗ್ಲಿಷಿನವರಿಗೆ ಹೆಚ್ಚು ನೆನಪಿತ್ತು.

ಒಂದೇ ಭಾಷೆಯೊಳಗೂ ಪದದ ಆಯ್ಕೆ ಕೆಲಸ ಮಾಡುತ್ತದೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರ 1974ರ ಪ್ರ​ಯೋಗದಲ್ಲಿ ಜನರಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕೆಲವರಿಗೆ ಕಾರುಗಳು 'ಡಿಕ್ಕಿಯಾದಾಗ' ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ 'ಅಪ್ಪಳಿಸಿದಾಗ' ಅಂತ ಕೇಳಿದರು. ಎರಡನೆಯವರು ಹೇಳಿದ ವೇಗ ಜಾಸ್ತಿ. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಅಂದಾಗ 'ಅಪ್ಪಳಿಸಿದಾಗ' ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು, ಇನ್ನೊಂದು ಗುಂಪಿನ 50ರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ವಕೀಲರು, ಪೊಲೀಸರು, ವರದಿಗಾರರು ತಲೆಕೆಡಿಸಿಕೊಳ್ಳಬೇಕಾದದ್ದು ಭಾಷೆಗಳ ನಡುವಿನ ವ್ಯತ್ಯಾಸದ ಬಗ್ಗೆ ಅಲ್ಲ, ಇದರ ಬಗ್ಗೆ.

ಎರಡನೇ ಭಾಷೆಯಲ್ಲಿ ಯೋಚಿಸಿದರೆ ನಾನು ಬೇರೆ ಮನುಷ್ಯನಾಗುತ್ತೇನಾ?

ಬೇರೆ ಮನುಷ್ಯ ಅನ್ನುವುದು ಅತಿಯಾಯಿತು. ತೀರ್ಮಾನ ಒಂಚೂರು ವಾಲಬಹುದು. ಹಳಿಯ ಮೇಲೆ ಬರುತ್ತಿರುವ ಟ್ರಾಲಿ ಐದು ಜನರನ್ನು ಕೊಲ್ಲಲಿದೆ, ಒಬ್ಬನನ್ನು ಸೇತುವೆಯಿಂದ ತಳ್ಳಿದರೆ ಐವರೂ ಉಳಿಯುತ್ತಾರೆ, ತಳ್ಳುತ್ತೀರಾ? ಆಲ್ಬರ್ಟ್ ಕೋಸ್ಟಾ ಮತ್ತು ಜೊತೆಗಾರರ 2014ರ ಅಧ್ಯಯನದಲ್ಲಿ ತಾಯಿನುಡಿಯಲ್ಲಿ ಓದಿದವರಲ್ಲಿ ಶೇ. 20ರಷ್ಟು ಜನ ತಳ್ಳುತ್ತೇನೆ ಅಂದರು. ಕಲಿತ ಭಾಷೆಯಲ್ಲಿ ಓದಿದವರಲ್ಲಿ ಶೇ. 33. ಕಲಿತ ಭಾಷೆಯ ಮಾತು ಎದೆಗೆ ಅಷ್ಟು ತಾಗುವುದಿಲ್ಲ ಅನ್ನುವುದು ಒಂದು ವಿವರಣೆ. ಅದರಲ್ಲಿ ನಿಧಾನವಾಗಿ ಯೋಚಿಸುತ್ತೇವೆ ಅನ್ನುವುದು ಇನ್ನೊಂದು. ತಾಯಿನುಡಿಯ ಬೈಗುಳ ಎಷ್ಟು ಸುಡುತ್ತದೆ, ಇಂಗ್ಲಿಷ್ ಬೈಗುಳ ಎಷ್ಟು ತಣ್ಣಗಿದೆ ಅಂತ ಗೊತ್ತಿರುವವರಿಗೆ ಮೊದಲನೆಯದು ಸುಲಭವಾಗಿ ಒಪ್ಪಿಗೆಯಾಗುತ್ತದೆ.

ಯೋಚನೆ ಮಾಡುವುದಕ್ಕೆ ಒಂದು ಭಾಷೆ ಇನ್ನೊಂದಕ್ಕಿಂತ ಒಳ್ಳೆಯದಾ?

ಇಲ್ಲ. ಒಂದು ಜನಾಂಗದ ಸ್ವಭಾವವನ್ನು ಅವರ ವ್ಯಾಕರಣದಿಂದ ವಿವರಿಸಲು ಹೊರಟವರ ಮಾತನ್ನು ಅರ್ಧಕ್ಕೇ ನಿಲ್ಲಿಸಿ.

ಇದರಲ್ಲಿ ಏನಾದರೂ ನನ್ನ ಮೇಲೇ ಪರೀಕ್ಷೆ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ಜೊತೆಗೆ ಇನ್ನೊಬ್ಬರು ಬೇಕು. ಅವರು ಒಂದಷ್ಟು ಗುಂಡಿಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕಲಿ. ನೀವು ನೋಡುತ್ತಾ, ಬಾಯಲ್ಲಿ ರೇಡಿಯೊ ವಾರ್ತೆಯನ್ನು ಕೇಳಿದ ಹಾಗೇ ಜೋರಾಗಿ ಹಿಂಬಾಲಿಸಿ ಹೇಳುತ್ತಿರಿ, ನಿಲ್ಲಿಸಬೇಡಿ. ಆಮೇಲೆ ಡಬ್ಬದೊಳಗೆ ಎಷ್ಟು ಬಿತ್ತೋ ಅಷ್ಟೇ ಗುಂಡಿಗಳನ್ನು ಮೇಜಿನ ಮೇಲೆ ಇಡಿ. ಫ್ರಾಂಕ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಆಡುವವರ ಒಳಗಿನ ಬಾಯಿಯನ್ನು ಹೀಗೆ ಕಟ್ಟಿಹಾಕಿದಾಗ, ಕೆಲವು ಪರೀಕ್ಷೆಗಳಲ್ಲಿ ಅವರ ತಪ್ಪುಗಳೂ ಪಿರಹಾ ಜನರ ತಪ್ಪುಗಳ ಥರವೇ ಇದ್ದವು. ಮೂರರ ತನಕ ನೀವು ಬಹುಶಃ ತಪ್ಪುವುದಿಲ್ಲ. ಅಷ್ಟನ್ನು ಎಣಿಸದೆಯೇ ಹಿಡಿದಿಡಬಹುದು. ಏಳೆಂಟಕ್ಕೆ ಹೋಗಿ ನೋಡಿ.